ಸಿಥಿಯನ್ನರು, ಶಕರು, ಸ್ಕೊಲೊಟರು: ಪದಸೂಚಿಯಲ್ಲಿ ಒಂದು ನಮೂದೋ, ಮೂರೋ?

ಪದಸೂಚಿ_ಪಜೀತಿ:

ಎಲ್ಲರಿಗೂ ನಮಸ್ಕಾರ. ಒಂದು ಇತಿಹಾಸದ ಪುಸ್ತಕದ ಅನುವಾದಕ್ಕೆ ಪದಸೂಚಿ ಮಾಡುತ್ತಾ ಕೂತಿದ್ದೇನೆ. ಎರಡು ದಿನದ ಕೆಲಸ ಅಂದುಕೊಂಡಿದ್ದೆ. 'ಸ' ಅಕ್ಷರಕ್ಕೆ ಬಂದು ನಾಲ್ಕು ದಿನವಾಯಿತು, ಇನ್ನೂ ಅಲ್ಲೇ ಇದ್ದೇನೆ.

ಅನುವಾದಕರು ಒಂದು ಅಧ್ಯಾಯದಲ್ಲಿ 'ಸಿಥಿಯನ್ನರು' ಅಂತ ಬರೆದಿದ್ದಾರೆ. ಇನ್ನೊಂದರಲ್ಲಿ 'ಸ್ಕಿಥಿಯನ್ನರು'. ಪರ್ಷಿಯಾದ ಅಧ್ಯಾಯಕ್ಕೆ ಬಂದರೆ 'ಶಕರು'. ಅಸಿರಿಯಾದ ಅಧ್ಯಾಯದಲ್ಲಿ 'ಇಷ್ಕುಜಾ'. ಸಾಲದ್ದಕ್ಕೆ ಒಂದು ಅಡಿಟಿಪ್ಪಣಿಯಲ್ಲಿ 'ಸ್ಕೊಲೊಟರು'. ಇವರೆಲ್ಲ ಒಂದೇ ಜನವಾ? ಪದಸೂಚಿಯಲ್ಲಿ ಒಂದೇ ನಮೂದು ಸಾಕಾ?

ಇನ್ನೊಂದು ಗೊಂದಲ. ಪುಸ್ತಕ ಇವರನ್ನು ಇರಾನಿ ಜನ ಅನ್ನುತ್ತದೆ. ಆದರೆ ನಕಾಶೆಯಲ್ಲಿ ಇವರ ಹೆಸರು ಕಪ್ಪು ಸಮುದ್ರದ ಮೇಲೆ, ಈಗಿನ ಉಕ್ರೇನಿನಲ್ಲಿದೆ. ಇರಾನ್ ಎಲ್ಲಿ, ಉಕ್ರೇನ್ ಎಲ್ಲಿ? ಯಾರಾದರೂ ಬಿಡಿಸಿ ಹೇಳಿ.

ದಾರಿಹೋಕ:

ಎಲ್ಲಾ ಒಂದೇ ಮೇಡಂ. ಗ್ರೀಕರು ಸಿಥಿಯನ್ ಅಂದರು, ಪರ್ಷಿಯನ್ನರು ಶಕ ಅಂದರು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. 'ಶಕರು' ಅಂತ ಹಾಕಿ ಮುಗಿಸಿ.

ಹಳೇ_ಮೊಳೆ:

ದಾರಿಹೋಕರೇ, ಅಷ್ಟು ಅವಸರ ಬೇಡ. ಈ ಹೆಸರಲ್ಲಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ನಾನು 31 ವರ್ಷ ಕರಡು ತಿದ್ದಿದವನು. ಮೊಳೆ ಜೋಡಿಸುವ ಕಾಲದಲ್ಲಿ ಶುರು ಮಾಡಿದ್ದು. ಒಂದು ಪುಸ್ತಕದಲ್ಲಿ 'ಸಿಥಿಯನ್ನರು' ಅಂತ ಇರಬೇಕಾದ ಕಡೆಯೆಲ್ಲ 'ಸಿಧಿಯನ್ನರು' ಅಂತ ಅಚ್ಚಾಯಿತು. ಥ-ಗೂ ಧ-ಗೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕೆ. ಮೊಳೆಯಲ್ಲಿ ಆ ಚುಕ್ಕೆ ಸವೆದಿತ್ತೋ, ನನ್ನ ಕಣ್ಣೇ ಸವೆದಿತ್ತೋ. ಇಡೀ ಒಂದು ಫಾರಂ, 16 ಪುಟ, ಹಾಗೇ ಹೋಯಿತು. ಆಮೇಲೆ ಓದುಗರೊಬ್ಬರು ಒಂದು ಕಾರ್ಡು ಬರೆದರು. ಈ ಸಿಧಿಯನ್ನರು ಯಾರು, ಬೇರೆ ಯಾವ ಪುಸ್ತಕದಲ್ಲೂ ಕಾಣಲಿಲ್ಲವಲ್ಲ ಅಂತ. ಮಾಲೀಕರು ಆ ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆ. ಅವತ್ತಿನಿಂದ ಈ ಜನರ ಹೆಸರು ಎಲ್ಲಿ ಕಂಡರೂ ನಿಂತು ಓದುತ್ತೇನೆ.

ಓದುತ್ತಾ ಒಂದು ವಿಷಯ ಗೊತ್ತಾಯಿತು. ಕಪ್ಪು ಸಮುದ್ರದ ಬಡಗಣ ಹುಲ್ಲುಗಾವಲಿನ ಈ ಜನ ತಮ್ಮ ಕಥೆಯನ್ನು ತಾವು ಬರೆದಿಡಲಿಲ್ಲ. ಅವರ ಹೆಸರು ನಮಗೆ ಸಿಕ್ಕಿರುವುದೆಲ್ಲ ಇನ್ನೊಬ್ಬರ ಕಿವಿಗೆ ಬಿದ್ದು, ಇನ್ನೊಬ್ಬರ ಕೈಯಲ್ಲಿ ಬರೆದದ್ದು. ನನ್ನ ಕಸುಬಿನ ಮಾತಲ್ಲಿ ಹೇಳಬೇಕಾದರೆ, ನಾಲ್ಕೈದು ಕರಡು ಇವೆ, ತಾಳೆ ನೋಡಲು ಹಸ್ತಪ್ರತಿಯೇ ಇಲ್ಲ.

ಮೊದಲ ಕರಡು ಅಸಿರಿಯನ್ನರದ್ದು. ದೊರೆ ಎಸರ್ಹದ್ದೋನನ ಕಾಲ, ಅಂದರೆ ಕ್ರಿ.ಪೂ. 681ರಿಂದ 669. ಜೇಡಿಮಣ್ಣಿನ ಹಲಗೆಗಳ ಮೇಲೆ 'ಇಷ್ಕುಜಾ' ಅಂತಲೂ 'ಅಷ್ಕುಜಾ' ಅಂತಲೂ ಇದೆ. ಮುಂದಿರುವ ಆ ಇ, ಅ ಯಾಕೆ ಬಂತು ಗೊತ್ತಾ? ಅವರ ನಾಲಗೆಗೆ ಪದದ ಶುರುವಿನಲ್ಲೇ ಒತ್ತಕ್ಷರ ಹೊರಳುತ್ತಿರಲಿಲ್ಲ. ನಮ್ಮ ಹಿರಿಯರು ಸ್ಕೂಲಿಗೆ 'ಇಸ್ಕೂಲು' ಅನ್ನುತ್ತಿರಲಿಲ್ವಾ, ಅದೇ. ಆ ಇ ತೆಗೆದರೆ ಉಳಿಯುವುದು 'ಷ್ಕುಜ'.

ಇಲ್ಲೊಂದು ಸೊಗಸಾದ ಹಲಗೆ ಇದೆ. ಇಷ್ಕುಜಾದ ದೊರೆ ಬಾರ್ತತುವಾ ಅಸಿರಿಯದ ರಾಜಕುಮಾರಿಯನ್ನು ಮದುವೆಗೆ ಕೇಳಿದ್ದಾನೆ. ಹೆಣ್ಣು ಕೊಟ್ಟರೆ ಇವನು ಮಾತಿಗೆ ತಪ್ಪದೆ ಇರುತ್ತಾನಾ ಅಂತ ಎಸರ್ಹದ್ದೋನ್ ಸೂರ್ಯದೇವ ಶಮಾಶನನ್ನು ಕೇಳುತ್ತಾನೆ. ಹಲಗೆಯ ಮೇಲೆ ಪ್ರಶ್ನೆ ಇದೆ, ದೇವರ ಉತ್ತರ ಇಲ್ಲ. ಹೆಣ್ಣು ಹೆತ್ತ ಅಪ್ಪನ ಚಿಂತೆ ಆಗಲೂ ಇದೇ!

ಎರಡನೆಯದು ಗ್ರೀಕರದ್ದು, 'ಸ್ಕುಥೈ'. ಇದೇ ಲ್ಯಾಟಿನ್ ದಾರಿ ಹಿಡಿದು, ಇಂಗ್ಲಿಷಿಗೆ ಬಂದು, ಕ ಕಳೆದುಕೊಂಡು 'ಸಿಥಿಯನ್' ಆಯಿತು. ಹಾಗಾಗಿ ನಿಮ್ಮ ಸಿಥಿಯನ್, ಸ್ಕಿಥಿಯನ್ ಜಗಳ ಬರೀ ಕಾಗುಣಿತದ ಜಗಳ. ಒಂದನ್ನು ಹಿಡಿದು ಪುಸ್ತಕದುದ್ದಕ್ಕೂ ಅದನ್ನೇ ಇಡಿ. ನನ್ನ ಓಟು 'ಸಿಥಿಯನ್'ಗೆ. ಕನ್ನಡದಲ್ಲಿ ಅದೇ ಜಾಸ್ತಿ ಓಡಾಡಿರುವುದು.

ಮೂರನೆಯದು 'ಸ್ಕೊಲೊಟರು'. ಇದಕ್ಕೆ ತೂಕ ಜಾಸ್ತಿ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವಂತೆ ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ಹೀಗೆ. ಸಿಥಿಯನ್ ಅನ್ನುವುದು ಗ್ರೀಕರು ಇಟ್ಟ ಹೆಸರು ಅಂತ ಅವನೇ ಬಿಡಿಸಿ ಹೇಳುತ್ತಾನೆ.

ಈ ಮೂರೂ ಒಂದೇ ಹೆಸರಾಗುವುದು ಹೇಗೆ? ಭಾಷಾಶಾಸ್ತ್ರಜ್ಞ ಓಸ್ವಾಲ್ಡ್ ಸೆಮೆರೆನ್ಯಿ 1980ರಲ್ಲಿ ಒಂದು ದಾರಿ ತೋರಿಸಿದ. ಮೂಲ ಪದ 'ಸ್ಕುದ'. ಆ 'ದ' ನಾಲಗೆಯನ್ನು ಹಲ್ಲಿಗೆ ಸುಮ್ನೆ ತಾಗಿಸಿ ಆಡುವ ಮೆದು ದನಿ. ಅದು ಅಸಿರಿಯನ್ನರ ಕಿವಿಗೆ ಜ ಥರ ಕೇಳಿಸಿತು, ಗ್ರೀಕರಿಗೆ ಥ ಥರ. ಅಷ್ಟರಲ್ಲಿ ಆ ಜನರ ಬಾಯಲ್ಲೇ ಅದು ಸಡಿಲಾಗಿ ಲ ಆಯಿತು. ಸ್ಕುದ ಹೋಗಿ ಸ್ಕುಲ. ಅದಕ್ಕೆ ಬಹುವಚನದ 'ತ' ಸೇರಿಸಿ. ಸ್ಕುಲತ, ಗ್ರೀಕಿನಲ್ಲಿ ಸ್ಕೊಲೊಟೈ. ದ ಇದ್ದದ್ದು ಲ ಆಗುವುದು ಹೊಸದೇನಲ್ಲ. ಪಶ್ತೋ ಕೂಡ ಇರಾನಿ ಕುಟುಂಬದ ಭಾಷೆಯೇ. ಅಲ್ಲಿ ಇವತ್ತಿಗೂ ಹತ್ತಕ್ಕೆ 'ಲಸ್' ಅನ್ನುತ್ತಾರೆ. ನಮ್ಮ 'ದಶ'ದ ದ ಅಲ್ಲಿ ಲ ಆಗಿ ಕೂತಿದೆ.

ಇವರ ದೊರೆಯೊಬ್ಬನ ಹೆಸರೂ ಸ್ಕುಲೆಸ್. ಪಾಪ, ಗ್ರೀಕರ ಊರು ಓಲ್ಬಿಯಾದ ಹುಚ್ಚು ಹಿಡಿಸಿಕೊಂಡವನು. ಸೈನ್ಯವನ್ನು ಊರಾಚೆ ಬಿಟ್ಟು, ಬಾಗಿಲು ಹಾಕಿಸಿ, ಗ್ರೀಕ್ ಬಟ್ಟೆ ತೊಟ್ಟು ಓಡಾಡುತ್ತಿದ್ದ. ಕೊನೆಗೆ ಗ್ರೀಕರ ಮದ್ಯದ ದೇವರು ಡಯೊನೈಸಸ್‌ನ ಪೂಜೆಯಲ್ಲಿ ಕುಣಿಯುವುದನ್ನು ಅವನ ಕಡೆಯವರೇ ಕದ್ದು ನೋಡಿಬಿಟ್ಟರು. ತಮ್ಮನೇ ತಲೆ ತೆಗೆಸಿದ. ಇದು ಹೆರೊಡೋಟಸ್ ಹೇಳಿದ ಕಥೆ. ಕಟ್ಟುಕಥೆ ಅನ್ನೋಣ ಅಂದರೆ, ಡ್ಯಾನ್ಯೂಬ್ ನದಿಯ ಮುಖದ ಹತ್ತಿರ, ಹಿಸ್ಟ್ರಿಯಾ ಬಳಿ, ಅವನ ಹೆಸರು ಕೆತ್ತಿದ ಚಿನ್ನದ ಮುದ್ರೆಯುಂಗುರ ಸಿಕ್ಕಿದೆ!

ಅರ್ಥ? ಸೆಮೆರೆನ್ಯಿ ಪ್ರಕಾರ 'ಸ್ಕುದ' ಅಂದರೆ ಬಾಣ ಬಿಡುವವನು, ಬಿಲ್ಲುಗಾರ. ಇಂಗ್ಲಿಷಿನ 'ಶೂಟ್' ಇದೇ ಬೇರಿನದು. ಎಲ್ಲರೂ ಒಪ್ಪಿದ್ದಾರೆ ಅನ್ನಲಾರೆ, ಆದರೆ ಕೂತುಕೊಳ್ಳುವುದು ಇದೇ ಚೆನ್ನಾಗಿ. ಕುದುರೆ ಮೇಲಿಂದಲೇ ಬಾಣ ಬಿಡುವವರು ಅಂತಲೇ ಗ್ರೀಕರು ಅವರನ್ನು ನೆನೆಯುತ್ತಿದ್ದದ್ದು. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ಬೀದಿ ಕಾಯಲು ಇಟ್ಟಿದ್ದ ಗುಲಾಮ ಕಾವಲುಗಾರರನ್ನು ಜನ 'ಸಿಥಿಯನ್ನರು', 'ಬಿಲ್ಲುಗಾರರು' ಎಂದೇ ಕರೆಯುತ್ತಿದ್ದರು.

ಈಗ ನಾನು ಈ ಜನರಲ್ಲಿ ಅತಿ ಹೆಚ್ಚು ಹಚ್ಚಿಕೊಂಡಿರುವ ವಿಷಯ. ಹೀಬ್ರೂ ಬೈಬಲ್‌ನಲ್ಲಿ 'ಅಷ್ಕೆನಜ್' ಅಂತ ಒಂದು ಹೆಸರು ಬರುತ್ತದೆ. ಯೆರೆಮೀಯನ ಪುಸ್ತಕದಲ್ಲಿ ಅರರಾತ್, ಮಿನ್ನಿ ರಾಜ್ಯಗಳ ಜೊತೆಗೆ. ಮಿನ್ನಿ ಅಂದರೆ ಅಸಿರಿಯನ್ನರು ಹೇಳುವ ಮನ್ನಾ ನಾಡು. ಅಸಿರಿಯನ್ ಬರಹಗಳಲ್ಲೂ ಅಷ್ಕುಜಾದವರು ಮನ್ನಾದವರ ಪಕ್ಕದಲ್ಲೇ ನಿಂತಿದ್ದಾರೆ. ಹಾಗಾದರೆ ಅಷ್ಕುಜ್ ಅಷ್ಕೆನಜ್ ಆದದ್ದು ಹೇಗೆ? ಹೀಬ್ರೂವಿನಲ್ಲಿ ಉಕಾರಕ್ಕೆ ಬಳಸುವ ಅಕ್ಷರ 'ವಾವ್'. ನೇರ ಗೀಟು, ನೆತ್ತಿಯಲ್ಲಿ ಒಂದು ಚಿಕ್ಕ ಕೊಕ್ಕೆ. 'ನೂನ್' ಅಕ್ಷರವೂ ಹೆಚ್ಚು ಕಡಿಮೆ ಹಾಗೇ, ಕೆಳಗೊಂದು ಸಣ್ಣ ಪಾದ ಇರುತ್ತದೆ, ಅಷ್ಟೇ. ಯಾವನೋ ಪ್ರತಿಕಾರ ವಾವ್ ಅನ್ನು ನೂನ್ ಅಂತ ಓದಿಬಿಟ್ಟ. ತುಂಬಾ ವಿದ್ವಾಂಸರು ಹೀಗೇ ನಂಬುತ್ತಾರೆ. ಮಧ್ಯಯುಗದಲ್ಲಿ ಯಹೂದಿಗಳು ಆ ಹೆಸರನ್ನು ಜರ್ಮನಿಯ ಕಡೆಗೆ ಹಚ್ಚಿದರು. ಈಗ ಅಷ್ಕೆನಾಜಿ ಯಹೂದಿಗಳು ಅನ್ನುತ್ತೇವಲ್ಲ, ಆ ಹೆಸರು ಬಂದದ್ದು ಅಲ್ಲಿಂದ.

ನನ್ನ ಚುಕ್ಕೆ 16 ಪುಟ ಕೆಡಿಸಿತು. ಅವನ ಪಾದ ಎರಡೂವರೆ ಸಾವಿರ ವರ್ಷ ಓಡಿದೆ. ಇದನ್ನು ಓದಿದ ರಾತ್ರಿ ನನಗೆ ಸ್ವಲ್ಪ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

'ಶಕ'ದ ಬಗ್ಗೆ ಊಟ ಮಾಡಿ ಬಂದು ಬರೆಯುತ್ತೇನೆ. ಮೇಡಂ, ಅಷ್ಟರಲ್ಲಿ ಪದಸೂಚಿ ಕಳಿಸಿಬಿಡಬೇಡಿ.

ಗಾಳಿಕುದುರೆ:

ಅವರು ಊಟ ಮುಗಿಸುವುದರೊಳಗೆ ಮೂಲದ ಬಗ್ಗೆ ನಾಲ್ಕು ಮಾತು. ನನಗೆ ಹೆಸರಿಗಿಂತ ಮಣ್ಣಿನಡಿಯ ವಸ್ತುಗಳಲ್ಲಿ ಆಸಕ್ತಿ.

ಹೆರೊಡೋಟಸ್ ಒಂದಲ್ಲ, ಹಲವು ಕಥೆ ಹೇಳುತ್ತಾನೆ. ಮೊದಲನೆಯದು ಅವರೇ ಹೇಳಿಕೊಳ್ಳುತ್ತಿದ್ದದ್ದು. ತಾರ್ಗಿತಾವೊಸ್ ಎಂಬ ಮೊದಲ ಮನುಷ್ಯ. ಅವನಿಗೆ ಲಿಪೊಕ್ಸಾಯಿಸ್, ಅರ್ಪೊಕ್ಸಾಯಿಸ್, ಕೊಲಾಕ್ಸಾಯಿಸ್ ಅಂತ ಮೂವರು ಮಕ್ಕಳು. ಆಕಾಶದಿಂದ ಚಿನ್ನದ ನೇಗಿಲು, ನೊಗ, ಕೊಡಲಿ, ಬಟ್ಟಲು ಬೀಳುತ್ತವೆ. ದೊಡ್ಡವರಿಬ್ಬರು ಹತ್ತಿರ ಹೋದರೆ ಚಿನ್ನ ಧಗಧಗ ಉರಿಯುತ್ತದೆ. ಕಿರಿಯವ ಹೋದಾಗ ತಣ್ಣಗಾಗುತ್ತದೆ. ರಾಜ್ಯ ಅವನಿಗೆ. ಅಲೆಮಾರಿಗಳು ಅನ್ನುವ ಜನರ ಕಥೆಯಲ್ಲಿ ನೇಗಿಲು ಮೊದಲು ಬರುತ್ತದೆ ನೋಡಿ. ಎರಡನೆಯದು ಗ್ರೀಕರ ಕಥೆ. ಹೆರಾಕ್ಲೀಸ್ ಮತ್ತು ಸೊಂಟದ ಕೆಳಗೆ ಹಾವಾಗಿರುವ ಹೆಂಗಸಿಗೆ ಹುಟ್ಟಿದ ಕಿರಿಮಗ ಸ್ಕುಥೆಸ್, ಬಿಲ್ಲು ಬಗ್ಗಿಸಿ ನಾಡು ಪಡೆದವನು. ಮೂರನೆಯದರಲ್ಲಿ ಪವಾಡ ಇಲ್ಲ. ಇವರು ಏಷ್ಯಾದಲ್ಲಿದ್ದರು, ಮಸಾಗೆಟರು ಎಂಬ ಜನ ಒತ್ತಿದಾಗ ನದಿ ದಾಟಿ ಕಿಮ್ಮೇರಿಯನ್ನರು ಎಂಬ ಇನ್ನೊಂದು ಜನರ ನೆಲಕ್ಕೆ ನುಗ್ಗಿದರು. ಹೆರೊಡೋಟಸ್‌ಗೇ ಇದು ಜಾಸ್ತಿ ಒಪ್ಪಿಗೆ.

ಗುದ್ದಲಿಯೂ ಅದನ್ನೇ ಹೇಳಿತು. ಮಂಗೋಲಿಯದ ಮಗ್ಗುಲಲ್ಲಿ, ರಷ್ಯಾದ ತುವಾದಲ್ಲಿ ಅರ್ಜಾನ್ ಅನ್ನುವ ಜಾಗ. ಮಿಖಾಯಿಲ್ ಗ್ರ್ಯಾಜ್ನೊವ್ 1971ರಿಂದ 1974ರವರೆಗೆ ಅಲ್ಲೊಂದು ಸಮಾಧಿದಿಬ್ಬ ಅಗೆದರು. ನೂರು ಮೀಟರಿಗೂ ಅಗಲ. ಒಳಗೆ ಲಾರ್ಚ್ ಮರದ ದಿಮ್ಮಿಗಳಿಂದ ಕಟ್ಟಿದ ಕೋಣೆಗಳು, ಚಕ್ರದ ಅರೆಗಳ ಹಾಗೆ ಹರಡಿಕೊಂಡಿವೆ. ನಡುವೆ ದೊರೆ. ಸುತ್ತ 160ರಷ್ಟು ಕುದುರೆ, ಜೀನು ಕಡಿವಾಣದ ಸಮೇತ. ಅಲ್ಲಿ ಸಿಕ್ಕ ಕಂಚಿನ ಚಿರತೆ ಮೈ ಸುರುಳಿ ಸುತ್ತಿ ಮಲಗಿದೆ, ಮೂತಿ ಬಾಲಕ್ಕೆ ತಾಗುವ ಹಾಗೆ. ಅದೇ ಭಂಗಿಯ ಪ್ರಾಣಿ ಸುಮಾರು 4000 ಕಿ.ಮೀ. ಪಶ್ಚಿಮಕ್ಕೆ, ಕಪ್ಪು ಸಮುದ್ರದ ಸಮಾಧಿಗಳಲ್ಲಿ ಚಿನ್ನದಲ್ಲಿ ಸಿಗುತ್ತದೆ. ಆದರೆ ಅರ್ಜಾನ್ ಕ್ರಿ.ಪೂ. 9-8ನೇ ಶತಮಾನದ್ದು, ಪಶ್ಚಿಮದವು ಅದಕ್ಕಿಂತ ಈಚಿನವು. ಅಂದರೆ ಬೆಳಕು ಪೂರ್ವದಿಂದ ಪಶ್ಚಿಮಕ್ಕೆ.

ಹಾಗಂತ ಒಂದೇ ಊರಿನ ಒಂದೇ ವಂಶ ಕುದುರೆ ಹತ್ತಿ ಬಂತು ಅಂದುಕೊಳ್ಳಬೇಡಿ. ಹಳೆಯ ಮೂಳೆಗಳ ಡಿಎನ್ಎ ನೋಡಿದವರಿಗೆ ಕಂಡದ್ದು ಕಲಬೆರಕೆ. ಪಶ್ಚಿಮದ ಹುಲ್ಲುಗಾವಲಿನ ಕಂಚಿನ ಯುಗದವರ ರಕ್ತವೂ ಇದೆ, ಸೈಬೀರಿಯ ಕಡೆಯ ಪೂರ್ವದವರದ್ದೂ ಇದೆ. ಜಾಗ ಬದಲಾದ ಹಾಗೆ ಪ್ರಮಾಣವೂ ಬದಲು.

ಹಳೇ_ಮೊಳೆ:

ಗಾಳಿಕುದುರೆಯವರೇ, ಆ ಚಿರತೆಯ ಚಿತ್ರ ನೋಡಿದ್ದೇನೆ. ಒಳ್ಳೆಯ ಮೊಳೆಯ ಹಾಗಿದೆ, ಒಂದು ಗೀಟೂ ಜಾಸ್ತಿ ಇಲ್ಲ.

ಶಕಕ್ಕೆ ಬರೋಣ. ಪರ್ಷಿಯನ್ನರ ಬಾಯಲ್ಲಿ ಇದು 'ಸಕಾ'. ಬೇರೆಯೇ ಪದ. ಸ್ಕುದದ ಜೊತೆ ಇದನ್ನು ಬೆಸೆಯಬಾರದು ಅಂತ ಅದೇ ಸೆಮೆರೆನ್ಯಿ ವಾದ. ಅವನ ಪ್ರಕಾರ 'ಸಕ್' ಅಂದರೆ ನಡೆ, ಅಲೆ. ಸಕಾ ಅಂದರೆ ಅಲೆಮಾರಿ. ಇನ್ನು ಕೆಲವರು ಶಕ್ತಿಯ 'ಶಕ್' ಇದು ಅನ್ನುತ್ತಾರೆ. ನನಗೆ ಮೊದಲನೆಯದೇ ಸರಿ ಕಾಣುತ್ತದೆ. ಕಲ್ಲುಕಟ್ಟಡದಲ್ಲಿ ಕೂತ ಪರ್ಷಿಯನ್ನರು ನೆಲೆ ನಿಲ್ಲದವರನ್ನು ಮತ್ತೇನು ಕರೆದಾರು?

ಪರ್ಷಿಯನ್ನರು ಎಲ್ಲ ಸಿಥಿಯನ್ನರನ್ನೂ ಸಕಾ ಅನ್ನುತ್ತಾರೆ ಅಂತ ಹೆರೊಡೋಟಸ್ ಬರೆದಿದ್ದಾನೆ. ಇರಾನಿನ ನಕ್ಷ್-ಎ-ರುಸ್ತಮ್‌ನಲ್ಲಿ ಪರ್ಷಿಯಾದ ಚಕ್ರವರ್ತಿ ದಾರಯವುಷ್, ಅಂದರೆ ಡೇರಿಯಸ್, ತನ್ನ ಸಮಾಧಿಯ ಮೇಲೆ ಮೂರು ಥರದ ಸಕರನ್ನು ಎಣಿಸಿದ್ದಾನೆ. ಚೂಪು ಟೋಪಿಯವರು, ಹೌಮದವರು, ಸಮುದ್ರದಾಚೆಯವರು. ಹೌಮ ನಮ್ಮ ಸೋಮವೇ. ಈ ಕೊನೆಯವರೇ ಕಪ್ಪು ಸಮುದ್ರದ ಸಿಥಿಯನ್ನರು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅಂದರೆ ಶಕ ದೊಡ್ಡ ಕೊಡೆ, ಸಿಥಿಯನ್ನರು ಅದರಡಿ ನಿಂತ ಒಬ್ಬರು.

ಅದೇ ಡೇರಿಯಸ್ ಕೆತ್ತಿಸಿದ ಬೆಹಿಸ್ತೂನ್ ಬಂಡೆಯನ್ನು ಹತ್ತಿರದಿಂದ ತೆಗೆದ ಚಿತ್ರದಲ್ಲಿ ನೋಡಿ. ಕೈ ಕಟ್ಟಿದ ಸೆರೆಯಾಳುಗಳು ಸಾಲಾಗಿ ನಿಂತಿದ್ದಾರೆ. ಕೊನೆಯವನ ಟೋಪಿ ಮಾತ್ರ ಆಕಾಶಕ್ಕೆ ಏರಿದೆ. ಅವನು ಸ್ಕುಂಖ, ಚೂಪು ಟೋಪಿಯ ಸಕರ ನಾಯಕ. ಕ್ರಿ.ಪೂ. 519ರ ದಂಡಯಾತ್ರೆಯಲ್ಲಿ ಸಿಕ್ಕಿಬಿದ್ದವನು. ಅಷ್ಟರಲ್ಲಿ ಬಂಡೆಯ ಕೆತ್ತನೆ ಮುಗಿದಿತ್ತು. ಇವನಿಗೆ ಜಾಗವೇ ಇರಲಿಲ್ಲ. ಏನು ಮಾಡಿದರು? ಪಕ್ಕದಲ್ಲಿದ್ದ ಎಲಾಮೈಟ್ ಭಾಷೆಯ ಬರಹದ ಒಂದು ಭಾಗ ಕೆತ್ತಿ ಹಾಕಿ ಇವನನ್ನು ನಿಲ್ಲಿಸಿದರು. ಆ ಬರಹವನ್ನು ಇನ್ನೊಂದು ಕಡೆ ಮತ್ತೆ ಪೂರ್ತಿ ಕೆತ್ತಬೇಕಾಯಿತು. ಪುಟ ಕಟ್ಟಿದ ಮೇಲೆ ಲೇಖಕರು 'ಇನ್ನೊಂದು ಚಿತ್ರ ಸೇರಿಸಿ' ಅಂದರೆ ಆಗುವ ಫಜೀತಿ ನನಗೆ ಗೊತ್ತು. ಇಲ್ಲಿ ಪುಟ ಬಂಡೆ, ಲೇಖಕ ಚಕ್ರವರ್ತಿ.

ಅದೇ ಬಂಡೆಯ ಮೇಲೆ ಪರ್ಷಿಯನ್ ಭಾಷೆಯಲ್ಲಿ 'ಸಕಾ' ಅಂತ ಇರುವ ಜನಕ್ಕೆ ಬ್ಯಾಬಿಲೋನಿಯನ್ ಬರಹದಲ್ಲಿ 'ಗಿಮಿರ್ರಿ' ಅಂತ ಇದೆ. ಗಿಮಿರ್ರಿ ಅಂದರೆ ಕಿಮ್ಮೇರಿಯನ್ನರು! ಗಾಳಿಕುದುರೆಯವರ ಮೂರನೇ ಕಥೆಯಲ್ಲಿ ಜಾಗ ಕಳೆದುಕೊಂಡರಲ್ಲ, ಅವರು. ಬ್ಯಾಬಿಲೋನಿನ ಬರಹಗಾರನಿಗೆ ಕುದುರೆ ಮೇಲೆ ಬರುವವರೆಲ್ಲ ಒಂದೇ. ದಾರಿಹೋಕರೇ, ನೀವು ಒಬ್ಬರೇ ಅಲ್ಲ.

ನರವೀರ:

'ನರ', 'ವೀರ' ಎಲ್ಲ ಅವರ ಭಾಷೆಯಲ್ಲೂ ಇತ್ತು ಅಂತ ಎಲ್ಲೋ ಓದಿದ್ದೆ. ಹಾಗಾದರೆ ಅವರು ಮೂಲತಃ ನಮ್ಮ ಕಡೆಯವರೇ ಅಲ್ವಾ? ಇರಾನಿ ಅಂತ ಯಾಕೆ ಹೇಳಬೇಕು?

ಹಳೇ_ಮೊಳೆ:

ಓದಿದ್ದು ಸರಿ, ಎಳೆದ ಗೆರೆ ತಪ್ಪು.

ಹೆರೊಡೋಟಸ್ ಅಲ್ಲಲ್ಲಿ ಅವರ ಪದ ಕೊಟ್ಟಿದ್ದಾನೆ. ಗ್ರೀಕರ ಕಥೆಗಳಲ್ಲಿ ಬರುವ ಅಮೆಜಾನ್ ಎಂಬ ಕಾದಾಡುವ ಹೆಂಗಸರಿಗೆ ಅವರು 'ಒಯೊರ್ಪತ' ಅನ್ನುತ್ತಿದ್ದರಂತೆ. 'ಒಯೊರ್' ಅಂದರೆ ಗಂಡಸು, ಅದು ಇರಾನಿಯರ ಹಳೇ ಧರ್ಮಗ್ರಂಥ ಅವೆಸ್ತಾದ 'ವೀರ'. ಅವರಲ್ಲಿ 'ಎನಾರೆಸ್' ಅನ್ನುವ ಕಣಿ ಹೇಳುವವರಿದ್ದರು. ಗಂಡಸುತನ ಬಿಟ್ಟವರು. ಅದು 'ಅ-ನರ್ಯ'. ನಮಗೆ ಓದಿದ ಕೂಡಲೇ ಅರ್ಥವಾಗುತ್ತದೆ. ಯಾಕೆಂದರೆ ಇರಾನಿ ಭಾಷೆಗಳೂ ಸಂಸ್ಕೃತವೂ ದಾಯಾದಿಗಳು. ದಾಯಾದಿ ಮನೆಯಲ್ಲಿ ಅಜ್ಜಿಯ ಪಾತ್ರೆ ಕಂಡರೆ ಅದು ನಮ್ಮ ಮನೆ ಆಗಿಬಿಡುತ್ತಾ?

ಮೇಡಂ, ನಿಮ್ಮ ನಕಾಶೆಯ ಗೊಂದಲಕ್ಕೂ ಇದೇ ಉತ್ತರ. ಇಲ್ಲಿ ಇರಾನಿ ಅನ್ನುವುದು ಭಾಷೆಯ ಮನೆತನ, ಈಗಿನ ದೇಶ ಅಲ್ಲ. ಆ ಮನೆತನ ಆಗ ಕಪ್ಪು ಸಮುದ್ರದಿಂದ ಚೀನಾದ ಅಂಚಿನವರೆಗೆ ಹರಡಿತ್ತು. ಗುರುತು ಬೇಕಾ? ನದಿಗಳನ್ನು ನೋಡಿ. ಡಾನ್, ಡೊನೆಟ್ಸ್, ನೀಪರ್, ನೀಸ್ಟರ್. ಈ ಹೆಸರುಗಳಲ್ಲೆಲ್ಲ ಕೂತಿರುವುದು ಇರಾನಿಯ 'ದಾನು', ಅಂದರೆ ನದಿ. ಕಾಕಸಸ್‌ನ ಒಸ್ಸೆಟಿಯನ್ನರು ಈಗಲೂ ನೀರಿಗೆ 'ದೊನ್' ಅನ್ನುತ್ತಾರೆ. ಸಿಥಿಯನ್ ಭಾಷೆಗೆ ತೀರಾ ಹತ್ತಿರದ ಮಾತಾಡುತ್ತಿದ್ದ ಅಲನರು ಎಂಬ ಜನರ ಮೊಮ್ಮಕ್ಕಳು ಅವರು. ಮೇಲೆ ಸ್ಕೊಲೊಟರಿಗೆ ಹಚ್ಚಿದ ಬಹುವಚನದ 'ತ' ಕೂಡ ಅವರ ಬಾಯಲ್ಲಿ ಇನ್ನೂ ಇದೆ.

ಶಕರ ಒಂದು ಶಾಖೆ ತನ್ನ ಭಾಷೆಯನ್ನು ಬರೆದಿಟ್ಟಿತು. ಖೋತಾನಿನಲ್ಲಿ, ತಕ್ಲಾಮಕಾನ್ ಮರಳುಗಾಡಿನ ತೆಂಕಣ ಅಂಚಿನಲ್ಲಿ. ಸಾವಿರ ವರ್ಷ ತಡವಾಗಿ, ಬೌದ್ಧರಾದ ಮೇಲೆ, ಬ್ರಾಹ್ಮಿ ಲಿಪಿಯಲ್ಲಿ ಬರೆದರು. ಅವರ ಭಾಷೆಯಲ್ಲಿ ಸೂರ್ಯನಿಗೆ 'ಉರ್ಮಯ್ಸ್ದೆ'. ನಿಧಾನವಾಗಿ ಹೇಳಿ ನೋಡಿ. ಅಹುರ ಮಜ್ದಾ, ಇರಾನಿಯರ ಹಳೇ ದೊಡ್ಡ ದೇವರು! ದೇವರು ಬದಲಾದರೂ ಹಳೇ ದೇವರು ದಿನಾ ಬೆಳಿಗ್ಗೆ ಹುಟ್ಟುತ್ತಿದ್ದ.

ಪದಸೂಚಿ_ಪಜೀತಿ:

ನಿಮ್ಮೆಲ್ಲರಿಗೂ ದೊಡ್ಡ ನಮಸ್ಕಾರ. ಹೀಗೆ ಮಾಡಿದ್ದೇನೆ, ತಪ್ಪಿದ್ದರೆ ಬೈಯಿರಿ.

ಕಪ್ಪು ಸಮುದ್ರದವರಿಗೆ 'ಸಿಥಿಯನ್ನರು' ಮುಖ್ಯ ನಮೂದು. 'ಸ್ಕಿಥಿಯನ್ನರು', 'ಇಷ್ಕುಜಾ', 'ಸ್ಕೊಲೊಟರು' ಮೂರರ ಮುಂದೆಯೂ 'ನೋಡಿ: ಸಿಥಿಯನ್ನರು'. ಮಧ್ಯ ಏಷ್ಯಾದವರಿಗೆ, ಸೀಸ್ತಾನಿನವರಿಗೆ, ಖೋತಾನಿನವರಿಗೆ 'ಶಕರು' ಅಂತ ಬೇರೆ ನಮೂದು. ಎರಡರ ಕೊನೆಗೂ 'ಇದನ್ನೂ ನೋಡಿ'. ಸೀಸ್ತಾನ್ ಅನ್ನುವ ಹೆಸರೇ 'ಸಕಸ್ತಾನ' ಸವೆದು ಆದದ್ದು ಅಂತ ನಮ್ಮ ಪುಸ್ತಕದ 212ನೇ ಪುಟದಲ್ಲಿತ್ತು. ನಾನೇ ಗಮನಿಸಿರಲಿಲ್ಲ. ಸ್ಕುಂಖನನ್ನು 'ಶಕರು' ಕೆಳಗೆ ಇಟ್ಟಿದ್ದೇನೆ, ಈ ಸಲ ಜಾಗ ಮಾಡಿಯೇ.

ಒಂದು ಉಳಿದಿದೆ. ಪುಸ್ತಕದಲ್ಲಿ ಪುಟಪುಟಕ್ಕೂ 'ಕ್ರಿ.ಶ.' ಇದೆಯಲ್ಲ. ಆ 'ಶ' ಶಕ ತಾನೇ? ಅದು ಇವರೇನಾ?

ಹಳೇ_ಮೊಳೆ:

ಇವರೇ. ಭಾರತಕ್ಕೆ ಬಂದ ಶಾಖೆಯವರು. ಕ್ರಿ.ಶ. 78ರಿಂದ ಎಣಿಸುವ ಲೆಕ್ಕಕ್ಕೆ ಅವರ ಹೆಸರು ಅಂಟಿತು. ಬಾದಾಮಿಯ ಮೂರನೇ ಗುಹೆಯ ಶಾಸನ 578ರದ್ದು. ಶಕ ದೊರೆಯ ಪಟ್ಟಾಭಿಷೇಕವಾಗಿ 500 ವರ್ಷ ಕಳೆದಾಗ ಅಂತಲೇ ಅದರಲ್ಲಿ ಕೆತ್ತಿದ್ದಾರೆ. ಆಮೇಲೆ ಜನರ ಹೆಸರು ಹೋಗಿ, ಯಾವ ಕಾಲಗಣನೆಗೂ ಶಕ ಅನ್ನುವುದು ರೂಢಿಯಾಯಿತು. ಕ್ರಿಸ್ತನದ್ದಕ್ಕೂ.

ಆದರೆ ದಯವಿಟ್ಟು ಆ ಪುಟಗಳನ್ನೆಲ್ಲ 'ಶಕರು' ನಮೂದಿಗೆ ಸೇರಿಸಬೇಡಿ. ಮತ್ತೆ ಕಾರ್ಡು ಬರುತ್ತದೆ.